ಹೋದ ವಾರ ಏನು ಮಾಡಿದ್ರಿ?

ಕೇಳುಗರಿಗೆ ನಮಸ್ಕಾರ.

ಮಣಿಪಾಲದಿಂದ ಮುಡಿಪುವಿನವರೆಗೆ, ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರನ್ನೇ ಕೇಳಿ. ಸೋಮವಾರದ ಮೀಟಿಂಗ್‌ನಲ್ಲಿ "ಹೋದ ವಾರ ಏನು ಮಾಡಿದ್ರಿ?" ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಕೆಲಸ ಮಾಡಿಲ್ಲ ಅಂತಲ್ಲ. ನೆನಪಾಗುವುದಿಲ್ಲ, ಅಷ್ಟೇ.

ಗಿಟ್‌ಗೆ ಮಾತ್ರ ಎಲ್ಲ ನೆನಪಿರುತ್ತದೆ. ಲಿನಕ್ಸ್ ಖ್ಯಾತಿಯ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಶುರು ಮಾಡಿದ, ಕೋಡ್‌ನಲ್ಲಾಗುವ ಬದಲಾವಣೆಗಳ ಲೆಕ್ಕ ಇಡುವ ಸಾಧನ ಇದು. ಕಮಿಟ್ ಮಾಡಿದಾಗಲೆಲ್ಲ, ಅಂದರೆ ಬದಲಾವಣೆಯನ್ನು ಒಂದು ಸಾಲಿನ ಟಿಪ್ಪಣಿ ಜೊತೆ ದಾಖಲಿಸಿದಾಗಲೆಲ್ಲ, ಯಾರು, ಯಾವಾಗ, ಏನು ಬದಲಿಸಿದರು ಎಂದು ಬರೆದಿಡುತ್ತದೆ. ಅದಕ್ಕೆ ನೆಟ್ ಕೂಡ ಬೇಡ. ಆಟಿ ತಿಂಗಳ ಮಳೆಗೆ ಉಡುಪಿಯಲ್ಲಿ ಕರೆಂಟು, ನೆಟ್ ಎರಡೂ ಕೈಕೊಟ್ಟಿವೆ ಅಂದುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದರೆ ಕಮಿಟ್ ಮಾಡಬಹುದು. ಮರುದಿನ ಸರ್ವರ್‌ಗೆ ಕಳಿಸಿದರೂ ಕಮಿಟ್ ಮಾಡಿದ ಹೊತ್ತೇ ಉಳಿಯುತ್ತದೆ.

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, 'ಗಿಟ್ ಲಾಗ್' ಟೈಪ್ ಮಾಡಿ, 'ಸಿನ್ಸ್' ಎಂಬಲ್ಲಿ ಒಂದು ವಾರ, 'ಆಥರ್' ಎಂಬಲ್ಲಿ ನಿಮ್ಮ ಹೆಸರು ಕೊಡಿ. ನಿಮ್ಮ ವಾರ ಎದುರಿಗೆ ಬರುತ್ತದೆ. 'ಫಿಕ್ಸ್', 'ಮತ್ತೆ ಫಿಕ್ಸ್', 'ಇದೇ ಕೊನೇ ಫಿಕ್ಸ್' ಅಂತ ಸುಮ್ನೆ ಗೀಚಿದ್ದರೆ ಅದೂ ಹಾಗೇ ಬರುತ್ತದೆ! ಹಾಗಾಗಿ ಕಮಿಟ್ ಮಾಡುವಾಗಲೇ ಒಂದು ಸಾಲು ಸರಿಯಾಗಿ ಬರೆಯಿರಿ.

ಇನ್ನೊಂದಿದೆ, 'ಗಿಟ್ ಶಾರ್ಟ್‌ಲಾಗ್'. ಇದು ಹೆಸರಿನ ಪ್ರಕಾರ ಗುಂಪು ಮಾಡುತ್ತದೆ. ಜೊತೆಗೆ ಎಸ್, ಎನ್ ಎಂಬ ಆಯ್ಕೆ ಕೊಟ್ಟರೆ ಬರೀ ಲೆಕ್ಕ. ಜಾಸ್ತಿ ಕಮಿಟ್ ಮಾಡಿದವರು ಮೇಲೆ. ಮ್ಯಾನೇಜರ್‌ಗಳ ಕಣ್ಣು ಬೀಳುವುದು ಇದರ ಮೇಲೆಯೇ. ದಯವಿಟ್ಟು ಈ ಪಟ್ಟಿ ಹಿಡಿದು ಅಪ್ರೈಸಲ್‌ಗೆ ಕೂರಬೇಡಿ. ಒಬ್ಬರು ಮೂರು ದಿನ ಒದ್ದಾಡಿ ಬಗ್ ಹುಡುಕಿರುತ್ತಾರೆ, ಬದಲಿಸಿದ್ದು ಒಂದೇ ಸಾಲು. ಇನ್ನೊಬ್ಬರು ಕೋಡ್‌ನ ಜೋಡಣೆಯನ್ನು ತಾನೇ ಸರಿಮಾಡುವ ಫಾರ್ಮ್ಯಾಟರ್ ಓಡಿಸಿ ಸಾವಿರ ಸಾಲು ಬದಲಿಸಿರುತ್ತಾರೆ. ಪಟ್ಟಿಯಲ್ಲಿ ಇಬ್ಬರದೂ ಒಂದೊಂದೇ ಕಮಿಟ್ ಇರಬಹುದು. ಹೊಸದಾಗಿ ಸೇರಿದ ಹುಡುಗಿಯ ಪಕ್ಕ ಕೂತು ಕಲಿಸಿದವರ ಹೆಸರಲ್ಲಿ ಕಮಿಟ್ಟೇ ಇರುವುದಿಲ್ಲ. ಇದು ಯಾವ ನ್ಯಾಯ, ಅಲ್ವಾ?

ಲೆಕ್ಕವೂ ಒಮ್ಮೊಮ್ಮೆ ತಪ್ಪುತ್ತದೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಪೂರ್ತಿ ಹೆಸರು, ಮನೆಯದರಲ್ಲಿ ಬರೀ ಇನಿಶಿಯಲ್ ಇದ್ದರೆ ಗಿಟ್‌ಗೆ ನೀವು ಇಬ್ಬರು. ಪ್ರಾಜೆಕ್ಟ್‌ನಲ್ಲಿ 'ಡಾಟ್ ಮೇಲ್‌ಮ್ಯಾಪ್' ಎಂಬ ಫೈಲ್ ಇಟ್ಟು, ಇಬ್ಬರೂ ಒಬ್ಬರೇ ಎಂದು ಬರೆದರೆ ಶಾರ್ಟ್‌ಲಾಗ್ ಒಟ್ಟುಗೂಡಿಸುತ್ತದೆ. ಹಾಗೆಯೇ 'ಆಲ್' ಎಂಬ ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ನೀವು ಈಗ ಇರುವ ಬ್ರಾಂಚ್‌ನ, ಅಂದರೆ ಕೋಡ್‌ನ ಆ ಒಂದು ಕವಲಿನ, ಕೆಲಸ ಮಾತ್ರ ಸಿಗುತ್ತದೆ. ಇನ್ನೂ ಮರ್ಜ್ ಆಗದೆ, ಅಂದರೆ ಇದಕ್ಕೆ ಸೇರದೆ, ಬೇರೆ ಬ್ರಾಂಚ್‌ನಲ್ಲಿ ಕೂತದ್ದು ಪಟ್ಟಿಗೆ ಬರುವುದೇ ಇಲ್ಲ.

ನಮಸ್ಕಾರ.