ಐದನೇ ನಂಬರಿನ ಮುಚ್ಚಳ

ಪಕ್ಕದಲ್ಲಿ ನೀರಿನ ಬಾಟಲ್ ಇದ್ದರೆ ಒಮ್ಮೆ ಕೈಗೆ ತೆಗೆದುಕೊಳ್ಳಿ. ಮುಚ್ಚಳ ಬಿಚ್ಚಿ, ಒಳಗೆ ಬೆಳಕು ಬೀಳುವ ಹಾಗೆ ಓರೆಯಾಗಿ ಹಿಡಿದು ನೋಡಿ. ಹೆಚ್ಚಿನ ಮುಚ್ಚಳಗಳಲ್ಲಿ ಒಂದು ಸಣ್ಣ ಅಂಕಿ ಕಾಣಿಸುತ್ತದೆ. ಅದು ಬೆಲೆಯೂ ಅಲ್ಲ, ತಾರೀಖೂ ಅಲ್ಲ. ಆ ಮುಚ್ಚಳ ಹುಟ್ಟಿದ ಮನೆಯ ನಂಬರ್. ನಮ್ಮ ಭಾಷೆಯಲ್ಲಿ ಕ್ಯಾವಿಟಿ ನಂಬರ್.

ನಾನು ಕೆಲಸ ಮಾಡುವುದು ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಒಂದು ಸಣ್ಣ ಟೂಲ್ ರೂಮಿನಲ್ಲಿ. ನಾವು ಮುಚ್ಚಳ ಮಾಡುವುದಿಲ್ಲ, ಮುಚ್ಚಳ ಮಾಡುವ ಮೋಲ್ಡ್ ಮಾಡುತ್ತೇವೆ. ಅಂದರೆ ಅಚ್ಚು. ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹಾಕುತ್ತೇವಲ್ಲ, ಅದೇ ಸಂಗತಿ. ಸಕ್ಕರೆ ಪಾಕದ ಬದಲು ಕರಗಿದ ಪ್ಲಾಸ್ಟಿಕ್, ಮರದ ಬದಲು ಸ್ಟೀಲ್, ಅಷ್ಟೇ. ಗಿಳಿ ಅಚ್ಚಿನ ಮೂಗಿನಲ್ಲಿ ಒಂದು ಚೂರು ಎದ್ದುಹೋಗಿದ್ದರೆ ಆ ಮನೆಯಲ್ಲಿ ಹಾಕಿದ ಗಿಳಿಗಳ ಮೂಗೆಲ್ಲ ಹಾಗೆಯೇ ಬರುತ್ತದೆ, ಅಲ್ವಾ? ನಮ್ಮ ಹೆದರಿಕೆಯೂ ಅದೇ.

ಲೆಕ್ಕ ಹೇಳುತ್ತೇನೆ. ನಮ್ಮದು 8 ಕ್ಯಾವಿಟಿಯ ಮೋಲ್ಡ್, ಅಂದರೆ ಒಂದು ಸಲಕ್ಕೆ ಎಂಟು ಮುಚ್ಚಳ. 15 ಸೆಕೆಂಡಿಗೆ ಒಂದು ಸಲ ತೆರೆದು ಮುಚ್ಚಿದರೆ ಗಂಟೆಗೆ 1920 ಮುಚ್ಚಳ. ಅದರಲ್ಲಿ ಒಂದೇ ಕ್ಯಾವಿಟಿ ಕೆಟ್ಟಿದ್ದರೂ ಗಂಟೆಗೆ 240 ಕೆಟ್ಟ ಮುಚ್ಚಳ. ದೊಡ್ಡ ಕಂಪನಿಗಳಲ್ಲಿ 48, 72, 96 ಕ್ಯಾವಿಟಿ ಮೋಲ್ಡ್‌ಗಳಿರುತ್ತವೆ, ಅವು ಓಡುವ ವೇಗವೂ ಜಾಸ್ತಿ. ಅಲ್ಲಿ ಮುಚ್ಚಳ ಒಂದೊಂದಾಗಿ ಆರಿಸಿ ಕೂರಲು ಆಗುವುದಿಲ್ಲ. ಸ್ಟೀಲ್‌ನಲ್ಲಿ ತಪ್ಪು ಇರಲೇಬಾರದು.

ಇವತ್ತಿನ ವಿಡಿಯೊ ಪೂರ್ತಿ ಒಂದು ಮೋಲ್ಡಿನ ಕಥೆ. ನನ್ನ ಕೈಯಿಂದಲೇ ಕೆಟ್ಟ ಮೋಲ್ಡ್.

ಹೊರಗಿನ ಸದ್ದು ಕೇಳಿಸುತ್ತಿದೆಯಲ್ಲ, ಅದು ಶೀಟಿನ ಮೇಲೆ ಬೀಳುವ ಮಳೆ. ಜುಲೈ ತಿಂಗಳು. ಊರಲ್ಲಿ ಅಡಿಕೆಗೆ ಔಷಧಿ ಹೊಡೆಯಲು ಒಂದು ಹೊಳವು ಸಿಕ್ಕರೆ ಸಾಕು ಅಂತ ಅಪ್ಪ ಆಕಾಶ ನೋಡುತ್ತಾ ಕೂರುವ ಕಾಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಸ್ಟೀಲ್ ಕೆಲಸದವರಿಗೆ ಈ ತಿಂಗಳು ಬಹಳ ಕಷ್ಟದ್ದು.

ಮೊದಲು ಮೋಲ್ಡ್ ಹೇಗೆ ಅಳೆಯುತ್ತೇವೆ ಅಂತ ನೋಡಿ. ಈ ಮುಚ್ಚಳಕ್ಕೆ ಬಳಸುವುದು ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್. ಬಿಸಿಯಾಗಿ ಒಳಗೆ ಹೋಗಿ ತಣ್ಣಗಾಗುವಾಗ ಅದು ಕುಗ್ಗುತ್ತದೆ. ನೂರಕ್ಕೆ ಒಂದೂವರೆಯಿಂದ ಮೂರರವರೆಗೆ. ಎರಡು ಅಂತ ಹಿಡಿದರೆ 30 ಮಿಲಿಮೀಟರ್ ಮುಚ್ಚಳಕ್ಕೆ ಸ್ಟೀಲ್‌ನಲ್ಲಿ ಸುಮಾರು 30.6 ಮಿಲಿಮೀಟರ್ ಜಾಗ ಕೊರೆಯಬೇಕು. ಮೆಷಿನ್‌ನಿಂದ ಬಿದ್ದ ತಕ್ಷಣ ಮುಚ್ಚಳ ಅಳೆದರೆ ಆ ಲೆಕ್ಕ ಸುಳ್ಳು. ಕುಗ್ಗುವುದು ಇನ್ನೂ ಮುಗಿದಿರುವುದಿಲ್ಲ. ಒಂದು ದಿನ ಸುಮ್ನೆ ಇಟ್ಟು ಆಮೇಲೆ ಅಳೆಯಬೇಕು.

ಸ್ಟೀಲ್‌ಗೂ ಹೀಗೇ ಒಂದು ಸ್ವಭಾವ ಇದೆ. ಬಿಸಿಗೆ ಹಿಗ್ಗುತ್ತದೆ. ಅಳತೆಗೆ ಇಡೀ ಪ್ರಪಂಚ ಒಪ್ಪಿಕೊಂಡಿರುವ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಶಿವಮೊಗ್ಗದ ಸೆಖೆ ಗೊತ್ತಲ್ಲ. 300 ಮಿಲಿಮೀಟರ್ ಪ್ಲೇಟನ್ನು 35 ಡಿಗ್ರಿಯಲ್ಲಿ ಅಳೆದರೆ ಹತ್ತಿರ ಹತ್ತಿರ 50 ಮೈಕ್ರಾನ್ ಜಾಸ್ತಿ ತೋರಿಸುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ನಮಗೆ ಡ್ರಾಯಿಂಗ್‌ನಲ್ಲಿ ಕೊಟ್ಟಿರುವ ಅವಕಾಶ ಕೆಲವು ಕಡೆ 10 ಮೈಕ್ರಾನ್ ಮಾತ್ರ. ಅದಕ್ಕೇ ಈ ಗಾಜಿನ ಕೋಣೆಗೆ ಏಸಿ. ನಮ್ಮ ತಂಪಿಗಲ್ಲ, ಸ್ಟೀಲಿನ ತಂಪಿಗೆ. ಪ್ಲೇಟನ್ನು ಹಿಂದಿನ ದಿನವೇ ತಂದು ಒಳಗೆ ಇಡುತ್ತೇವೆ.

ಇದು ಗಡಸುತನ ನೋಡುವ ಮೆಷಿನ್. ಕೋರ್ ಅಂದರೆ ಮುಚ್ಚಳದ ಒಳಮೈಗೆ ಆಕಾರ ಕೊಡುವ ಸ್ಟೀಲ್ ಭಾಗ. ಕೋರ್‌ಗಳು ಹಾರ್ಡ್ನಿಂಗ್‌ಗೆ ಹೋಗಿ ಬಂದ ಮೇಲೆ ರಾಕ್‌ವೆಲ್ ಸಿ ಸ್ಕೇಲಿನಲ್ಲಿ 50ರ ಆಸುಪಾಸು ಬರಬೇಕು. ಕಡಿಮೆ ಬಂದರೆ ಬೇಗ ಸವೆಯುತ್ತದೆ. ಬೆಂಕಿಗೆ ಹಾಕಿ ತೆಗೆದಾಗ ಅಳತೆಯೂ ಸ್ವಲ್ಪ ಆಚೀಚೆ ಆಗುತ್ತದೆ, ಅದಕ್ಕೆ ಮೊದಲೇ ಒಂದಿಷ್ಟು ಸ್ಟೀಲ್ ಉಳಿಸಿಕೊಂಡು ಆಮೇಲೆ ಗ್ರೈಂಡಿಂಗ್ ಮಾಡುತ್ತೇವೆ.

ಈ ನೀಲಿ ಬಣ್ಣ ನೋಡಿ. ಮೋಲ್ಡಿನ ಒಂದು ಮುಖಕ್ಕೆ ತೆಳ್ಳಗೆ ಸವರಿ, ಎರಡೂ ಮುಖ ಸೇರಿಸಿ, ಮತ್ತೆ ಬಿಡಿಸುತ್ತೇವೆ. ಆ ಕಡೆ ನೀಲಿ ಒಂದೇ ಸಮ ಅಂಟಿದ್ದರೆ ಎರಡೂ ಚೆನ್ನಾಗಿ ಕೂತಿವೆ ಅಂತ. ಎಲ್ಲಾದರೂ ನೀಲಿ ಬಿಟ್ಟುಹೋಗಿದ್ದರೆ ಅಲ್ಲಿ ಸಂದು ಇದೆ. ಆ ಸಂದಿನಲ್ಲಿ ಪ್ಲಾಸ್ಟಿಕ್ ನುಗ್ಗಿ ಮುಚ್ಚಳದ ಅಂಚಿಗೆ ರೆಕ್ಕೆ ಬರುತ್ತದೆ. ಫ್ಲ್ಯಾಶ್ ಅನ್ನುತ್ತೇವೆ. ಹಾಗಂತ ಎಲ್ಲಾ ಕಡೆ ಬಿಗಿ ಮುಚ್ಚಿದರೂ ಆಗದು. ಒಳಗಿನ ಗಾಳಿ ಹೊರಗೆ ಹೋಗಬೇಕಲ್ಲ. ಅದಕ್ಕೆ 0.02 ಮಿಲಿಮೀಟರ್ ಆಳದ ದಾರಿ ಬಿಡುತ್ತೇವೆ. ಗಾಳಿ ಹೋಗುತ್ತದೆ, ಪ್ಲಾಸ್ಟಿಕ್ ಹೋಗುವುದಿಲ್ಲ. ಆ ದಾರಿ ಕಟ್ಟಿದರೆ ಸಿಕ್ಕಿಬಿದ್ದ ಗಾಳಿ ಒತ್ತಡಕ್ಕೆ ಕಾದು ಮುಚ್ಚಳದ ತುದಿಯನ್ನು ಕರಿ ಮಾಡುತ್ತದೆ. ಇಷ್ಟು ಸಣ್ಣ ಸಂಗತಿ ನನಗೆ ಇವತ್ತಿಗೂ ಬೆರಗು.

ಈಗ ಆ ತಪ್ಪಿನ ವಿಷಯ.

ಮೋಲ್ಡ್ ಟ್ರಯಲ್ ಮುಗಿದಿತ್ತು. ತೂಕ ನೋಡಿದ್ದೆವು, ಎಂಟೂ ಕ್ಯಾವಿಟಿ ಒಂದೇ ಸಮ ತುಂಬುತ್ತಿದ್ದವು. ಅಳತೆ ಮಿತಿಯೊಳಗೆ ಇದೆಯಾ ಅಂತ ನೋಡುವ ಗೋ ನೋಗೋ ಗೇಜ್ ಪಾಸ್. ಟಾರ್ಕ್ ಮೀಟರಿನಲ್ಲಿ ಬಿಚ್ಚುವ ಬಲವೂ ಸರಿ. ಕೊನೆಗೆ ಉಳಿದದ್ದು ಸೋರಿಕೆ ನೋಡುವುದು. ಅದಕ್ಕೆ ವ್ಯಾಕ್ಯೂಮ್ ಇಟ್ಟು ನೋಡುವ ಮೆಷಿನ್ ಇದೆ. ಆದರೆ ನಮ್ಮ ಮೇಸ್ತ್ರಿಯವರಿಗೆ ಇನ್ನೊಂದು ಅಭ್ಯಾಸ. ಎಂಟು ಬಾಟಲಿಗೆ ನೀರು ತುಂಬಿ, ಎಂಟು ನಂಬರಿನ ಮುಚ್ಚಳ ಹಾಕಿ, ನ್ಯೂಸ್ ಪೇಪರ್ ಮೇಲೆ ತಲೆಕೆಳಗಾಗಿ ರಾತ್ರಿಯಿಡೀ ನಿಲ್ಲಿಸುತ್ತಾರೆ.

ಬೆಳಗ್ಗೆ ಎತ್ತಿ ನೋಡಿದರೆ ಏಳು ಕಡೆ ಪೇಪರ್ ಒಣಗಿತ್ತು. ಐದನೆಯದರ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ.

ಬಾಟಲಿನದೇ ತಪ್ಪಿರಬಹುದು ಅಂತ ಬಾಟಲ್ ಬದಲಾಯಿಸಿದೆವು. ಮಾರನೇ ದಿನವೂ ಐದನೆಯದೇ ಒದ್ದೆ. ಐದನೇ ನಂಬರಿನ ಇನ್ನೂ ಹತ್ತು ಮುಚ್ಚಳ ಹಾಕಿ ನೋಡಿದೆವು. ಹತ್ತೂ ಸೋರಿದವು.

ಮುಚ್ಚಳದ ಒಳಗೆ, ತಿರುಪಿನ ಸುತ್ತುಗಳ ನಡುವೆ, ಒಂದು ಸಣ್ಣ ಗೋಡೆಯಂಥ ಬಳೆ ಇರುತ್ತದೆ. ಬಾಟಲಿನ ಬಾಯಿಯೊಳಗೆ ಬಿರಟೆಯ ಹಾಗೆ ಕೂತು ನೀರು ತಡೆಯುವುದು ಅದೇ. ಐದನೇ ಮುಚ್ಚಳವನ್ನು ಅರ್ಧಕ್ಕೆ ಕೊಯ್ದು ದೊಡ್ಡದು ಮಾಡಿ ತೋರಿಸುವ ಗಾಜಿನ ಕೆಳಗೆ ಇಟ್ಟೆ. ಆ ಬಳೆಯ ಹೊರಮೈ ಮೇಲೆ ರಾಗಿ ಕಾಳಿಗಿಂತ ಎಷ್ಟೋ ಸಣ್ಣ ಗುಳ್ಳೆಗಳು. ಒಂದಲ್ಲ, ಸಾಲಾಗಿ ನಾಲ್ಕಾರು. ಆ ಗುಳ್ಳೆ ಬಳೆಯನ್ನು ಬಾಟಲಿಗೆ ತಾಗದ ಹಾಗೆ ಎತ್ತಿ ಹಿಡಿದಿತ್ತು. ಅಲ್ಲಿಂದ ನೀರು.

ಪ್ಲಾಸ್ಟಿಕ್‌ನಲ್ಲಿ ಗುಳ್ಳೆ ಅಂದರೆ ಸ್ಟೀಲ್‌ನಲ್ಲಿ ಕುಳಿ. ಐದನೇ ಕೋರ್ ಬಿಚ್ಚಿ ಸ್ಲೀವ್ ಹೊರಗೆ ತೆಗೆದೆವು. ಸ್ಲೀವ್ ಅಂದರೆ ಆ ಬಳೆಯ ಹೊರಮೈಗೆ ಆಕಾರ ಕೊಡುವ, ಉಂಗುರದಂಥ ಸ್ಟೀಲ್ ತುಂಡು. ಒಳಗಡೆ ಕನ್ನಡಿ ಹಾಗೆ ಪಾಲಿಶ್ ಮಾಡಿದ ಜಾಗದಲ್ಲಿ ತುಕ್ಕಿನ ಗುರುತು. ಟಾರ್ಚ್ ಬಿಟ್ಟು ನೋಡಿದಾಗ ನನಗೆ ಎದೆ ಧಸಕ್ ಅಂತು. ಬಾಗಿದ ಗೆರೆಗಳು, ಒಂದರ ಪಕ್ಕ ಒಂದು. ಅದು ಬೆರಳಚ್ಚು. ನನ್ನದೇ ಹೆಬ್ಬೆರಳು.

ನೆನಪಾಯಿತು. ಸ್ಲೀವ್ ಜೋಡಿಸುವ ದಿನ ಜೋರು ಮಳೆ, ಕರೆಂಟ್ ಹೋಗಿತ್ತು. ಕೈಗವಸು ತೆಗೆದು ಫೋನ್ ಹಿಡಿದಿದ್ದೆ. ಕರೆಂಟ್ ಬಂದಾಗ ಹಾಗೆಯೇ ಬರಿಗೈಯಲ್ಲಿ ಆ ಸ್ಲೀವ್ ಎತ್ತಿಕೊಂಡೆ, ಉಂಗುರದ ಹಾಗೆ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು. ಒಂದು ನಿಮಿಷವೂ ಇರಲಿಲ್ಲ. ಬೆವರಿನಲ್ಲಿ ಉಪ್ಪಿರುತ್ತದೆ, ಗಾಳಿಯಲ್ಲಿ ಪಸೆ ಇತ್ತು. ಒರೆಸಿ ಎಣ್ಣೆ ಸ್ಪ್ರೇ ಮಾಡದೆ ಜೋಡಿಸಿಬಿಟ್ಟಿದ್ದೆ. ಉಳಿದದ್ದು ತುಕ್ಕು ನೋಡಿಕೊಂಡಿತು.

ಮೇಸ್ತ್ರಿಯವರು ಬೈಯಲಿಲ್ಲ. "ನಿಮ್ಮ ಮನೇಲಿ ಮಿಡಿ ಉಪ್ಪಿನಕಾಯಿ ಭರಣಿಗೆ ಅಮ್ಮ ಒದ್ದೆ ಕೈ ಹಾಕ್ತಾರೇನೋ?" ಅಂತ ಕೇಳಿದರು, ಅಷ್ಟೇ. ನಮ್ಮಮ್ಮ ಭರಣಿ ತೆರೆಯುವ ಮೊದಲು ಸೌಟನ್ನು ಒಲೆಯ ಮುಂದೆ ಹಿಡಿದು ಒಣಗಿಸುತ್ತಾರೆ. ಹನಿ ನೀರು ಬಿದ್ದರೂ ಅಪ್ಪೆಮಿಡಿ ವರ್ಷ ಬಾಳುವುದಿಲ್ಲ ಅಂತ ಚಿಕ್ಕಂದಿನಿಂದ ನೋಡಿಕೊಂಡೇ ಬೆಳೆದವನು ನಾನು.

ಉಜ್ಜಿ ತೆಗೆದರೆ ಆಗದೇ ಅಂತ ನೀವು ಕೇಳಬಹುದು. ಆಗದು. ಕುಳಿ ಹೋಗುವಷ್ಟು ಉಜ್ಜಿದರೆ ಆ ರಂಧ್ರ ದೊಡ್ಡದಾಗುತ್ತದೆ, ಮುಚ್ಚಳದ ಬಳೆ ದಪ್ಪವಾಗುತ್ತದೆ, ಬಾಟಲಿಗೆ ಬಿಗಿಯಾಗುತ್ತದೆ. ಹೊಸ ಸ್ಲೀವೇ ಮಾಡಬೇಕು. ಟರ್ನಿಂಗ್, ಹಾರ್ಡ್ನಿಂಗ್, ಗ್ರೈಂಡಿಂಗ್, ಪಾಲಿಶ್. ಹತ್ತು ದಿನ ಹಿಡಿಯಿತು. ಗಿರಾಕಿಗೆ ಫೋನ್ ಮಾಡಿ ನಡೆದದ್ದು ನಡೆದ ಹಾಗೆ ಹೇಳಿದೆ. ಬಾಯಿ ಒಣಗಿತ್ತು, ಆದರೂ ಹೇಳಿದೆ.

ಆಮೇಲೆ ನಾನು ಮಾಡಿಕೊಂಡ ಬದಲಾವಣೆ ಇಲ್ಲಿದೆ. ಈ ಡಬ್ಬಿಗಳಲ್ಲಿ ಪ್ರತಿ ಭಾಗವೂ ಎಣ್ಣೆ ಕಾಗದದಲ್ಲಿ ಸುತ್ತಿ, ಪಸೆ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇರುತ್ತದೆ. ಡಬ್ಬಿಯ ಮೇಲೆ ಚೀಟಿ. ಯಾರು ಮುಟ್ಟಿದರು, ಯಾವಾಗ, ಮುಟ್ಟಿದ ಮೇಲೆ ಒರೆಸಿದರಾ. ಚೀಟಿ ಬರೆಯದೆ ಡಬ್ಬಿ ಮುಚ್ಚುವ ಹಾಗಿಲ್ಲ. ಮೋಲ್ಡ್ ಜೊತೆ ಗಿರಾಕಿಗೂ ಒಂದು ಮಾತು ಬರೆದು ಕೊಡುತ್ತೇವೆ. ಮಳೆಗಾಲದಲ್ಲಿ ಮೋಲ್ಡ್ ತಣಿಸಲು ತುಂಬಾ ತಣ್ಣನೆಯ ನೀರು ಓಡಿಸಬೇಡಿ, ಗಾಳಿಯ ಪಸೆ ಮೋಲ್ಡಿನ ಮೇಲೆ ಬೆವರಿನ ಹಾಗೆ ಕೂರುತ್ತದೆ, ಮೆಷಿನ್ ನಿಲ್ಲಿಸುವಾಗ ನೀರು ಮೊದಲು ನಿಲ್ಲಿಸಿ ಅಂತ.

ಇದು ಆ ಹಳೆಯ ಸ್ಲೀವ್. ಗುಜರಿಗೆ ಹಾಕಲಿಲ್ಲ, ನನ್ನ ಟೇಬಲ್ ಮೇಲೇ ಇದೆ. ಹತ್ತಿರ ತರುತ್ತೇನೆ, ಫೋಕಸ್ ಆಗಲಿ. ಕಾಣಿಸಿತಾ, ಆ ಗೆರೆಗಳು?

ಇದು ನಿನ್ನೆ ರಾತ್ರಿ ಇಟ್ಟ ಬಾಟಲಿಗಳು. ಹೊಸ ಸ್ಲೀವಿನದು ಐದನೆಯದು, ಕಿಟಕಿ ಕಡೆಯಿಂದ ನಾಲ್ಕನೆಯದರ ಪಕ್ಕ. ಮೇಸ್ತ್ರಿಯವರು ಇನ್ನೂ ಬಂದಿಲ್ಲ, ಅವರು ಬರದೆ ನಾನು ಎತ್ತುವುದಿಲ್ಲ. ಬಂದರು ನೋಡಿ, ಛತ್ರಿ ಹೊರಗೇ ಇಟ್ಟು ಕೈ ಒರೆಸಿಕೊಳ್ಳುತ್ತಿದ್ದಾರೆ. ಒಂದು. ಎರಡು. ಮೂರು. ನಾಲ್ಕು. ಐದು.

ಪೇಪರ್ ಒಣಗಿದೆ.