ನಾಲ್ಕು ಸಲ ಮೇಲಕ್ಕೆ, ನಾಲ್ಕು ಸಲ ಕೆಳಕ್ಕೆ: ಮ್ಯಾಟ್ ಬ್ಲೂಮ್‌ಫೀಲ್ಡ್ ಒಂದೇ ಕ್ಲಬ್‌ನಲ್ಲಿ 18 ವರ್ಷ ಉಳಿದಿದ್ದು ಹೇಗೆ?

[ಪರದೆ ಮೇಲೆ ಬರೀ ಇಸವಿಗಳು, ಒಂದಾದ ಮೇಲೊಂದು]

ಈ ಇಸವಿಗಳನ್ನ ನೋಡಿ. 2004, ಕೆಳಕ್ಕೆ. 2009, ಮೇಲಕ್ಕೆ. 2010, ಮತ್ತೆ ಕೆಳಕ್ಕೆ. 2011 ಮೇಲಕ್ಕೆ, 2012 ಕೆಳಕ್ಕೆ, 2018 ಮೇಲಕ್ಕೆ, 2020 ಮೇಲಕ್ಕೆ, 2021 ಕೆಳಕ್ಕೆ. ಇಂಗ್ಲೆಂಡಿನ ವೈಕೂಂಬ್ ವಾಂಡರರ್ಸ್ ಅನ್ನೋ ಫುಟ್‌ಬಾಲ್ ಕ್ಲಬ್ ಲೀಗ್‌ನ ಮೇಲಿನ ಹಂತಕ್ಕೆ ಏರಿದ, ಕೆಳಗಿನ ಹಂತಕ್ಕೆ ಇಳಿದ ಲೆಕ್ಕ ಇದು. ಈ ಎಂಟೂ ಸಲ ಆ ತಂಡದಲ್ಲಿದ್ದ ಮಿಡ್‌ಫೀಲ್ಡರ್, ಅಂದ್ರೆ ನಡುಮೈದಾನದ ಆಟಗಾರ, ಮ್ಯಾಟ್ ಬ್ಲೂಮ್‌ಫೀಲ್ಡ್.

ನಮಸ್ಕಾರ. ಪ್ರೀಮಿಯರ್ ಲೀಗ್‌ನ ಕೆಳಗೆ ಆಡೋ ಒಬ್ಬ ಮಿಡ್‌ಫೀಲ್ಡರ್ ಬದುಕು ಹೇಗೆ ನಡೆಯುತ್ತೆ ಅಂತ ಇವತ್ತು ಇವರನ್ನೇ ಇಟ್ಕೊಂಡು ನೋಡೋಣ.

[ನಕ್ಷೆ: ನಾಲ್ಕು ಹಂತಗಳು]

ಮೊದಲು ಏಣಿ ಗೊತ್ತಿರಲಿ. ತುತ್ತತುದಿಯಲ್ಲಿ ಪ್ರೀಮಿಯರ್ ಲೀಗ್, ಅದರಲ್ಲಿ 20 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟು. ಇವು ಮೂರರಲ್ಲೂ ತಲಾ 24. ಒಟ್ಟು 92 ಕ್ಲಬ್. ಲೀಗ್ ಟು ತಳದಲ್ಲಿ ಕೊನೆಯ ಎರಡು ಸ್ಥಾನಕ್ಕೆ ಬಿದ್ದವರು ಈ 92ರಿಂದಲೇ ಆಚೆ ಹೋಗ್ತಾರೆ.

ಬ್ಲೂಮ್‌ಫೀಲ್ಡ್ ಹುಟ್ಟಿದ್ದು 1984ರಲ್ಲಿ, ಸಫೋಕ್ ಕರಾವಳಿಯ ಫೀಲಿಕ್ಸ್‌ಸ್ಟೋದಲ್ಲಿ. ಇಪ್ಸ್‌ವಿಚ್ ಟೌನ್ ಕ್ಲಬ್ ಅವರನ್ನ ಬೆಳೆಸಿತು. ಹಿರಿಯರ ತಂಡದಲ್ಲಿ ಮಾತ್ರ ನೆಲೆ ಸಿಗಲಿಲ್ಲ. ದೊಡ್ಡ ಕ್ಲಬ್‌ಗಳ ಅಕಾಡೆಮಿಯಲ್ಲಿ ಕಲಿತ ಹೆಚ್ಚಿನ ಹುಡುಗರ ಹಾದಿ ಇದೇ: 16ಕ್ಕೆ ಎರಡು ವರ್ಷದ ಸ್ಕಾಲರ್‌ಶಿಪ್ (ತರಬೇತಿಯ ಒಪ್ಪಂದ), ಆಮೇಲೆ ಕಾಂಟ್ರ್ಯಾಕ್ಟ್ ಸಿಕ್ಕರೆ ಸಿಕ್ತು, ಇಲ್ಲಾಂದ್ರೆ ಕೆಳಗಿನ ಹಂತದ ಬಾಗಿಲು ತಟ್ಟಬೇಕು. 2003ರ ಡಿಸೆಂಬರ್‌ನಲ್ಲಿ, 19ನೇ ವಯಸ್ಸಿಗೆ, ಅವರು ವೈಕೂಂಬ್‌ಗೆ ಬಂದ್ರು. ಆಗ ಅಲ್ಲಿ ಮ್ಯಾನೇಜರ್ ಆಗಿದ್ದವರು ಆರ್ಸೆನಲ್‌ನ ಹಳೇ ನಾಯಕ ಟೋನಿ ಆಡಮ್ಸ್. ಆ ಸೀಸನ್ ಮುಗಿಯೋ ಹೊತ್ತಿಗೆ ತಂಡ ನಾಲ್ಕನೇ ಹಂತಕ್ಕೆ ಇಳಿದಿತ್ತು.

ಕ್ಲಬ್‌ನ ಊರು ಹೈ ವೈಕೂಂಬ್ ಒಂದು ಕಾಲಕ್ಕೆ ಕುರ್ಚಿ ಮಾಡೋದಕ್ಕೆ ಹೆಸರಾಗಿತ್ತು. ತಂಡಕ್ಕೆ 'ಚೇರ್‌ಬಾಯ್ಸ್' ಅನ್ನೋ ಹೆಸರು ಬಂದಿದ್ದು ಅದರಿಂದಲೇ.

[ಗ್ರಾಫಿಕ್: ಗೋಲ್‌ಕೀಪರ್ ಒದೆತ, ನಡುಮೈದಾನದಲ್ಲಿ ಇಬ್ಬರ ಜಿಗಿತ]

ಈಗ ಕೆಲಸದ ವಿಷಯ. ಈ ಹಂತದಲ್ಲಿ ಮಿಡ್‌ಫೀಲ್ಡರ್‌ನ ಬೆಲೆ ಗೊತ್ತಾಗೋದು 'ಸೆಕೆಂಡ್ ಬಾಲ್'ನಲ್ಲಿ. ಗೋಲ್‌ಕೀಪರ್ ಉದ್ದಕ್ಕೆ ಒದೀತಾನೆ. ಮುಂದೆ ಭಾರೀ ಮೈಕಟ್ಟಿನ ಸ್ಟ್ರೈಕರ್ ಕಾಯ್ತಿರ್ತಾನೆ. 2016ರಿಂದ ವೈಕೂಂಬ್‌ನಲ್ಲಿ ಆ ಜಾಗದಲ್ಲಿದ್ದವರು ಅಡೆಬಾಯೊ ಅಕಿನ್‌ಫೆನ್ವ. ಸ್ಟ್ರೈಕರ್ ಮತ್ತು ಎದುರಾಳಿ ಡಿಫೆಂಡರ್ ಒಟ್ಟಿಗೆ ಜಿಗಿದಾಗ ಚೆಂಡು ಯಾರ ಹಿಡಿತಕ್ಕೂ ಸಿಗದೆ ಸಿಡಿಯುತ್ತೆ. ಸಿಡಿದ ಆ ಚೆಂಡೇ ಸೆಕೆಂಡ್ ಬಾಲ್.

ಅದು ನೆಲಕ್ಕೆ ಬಿದ್ದ ಮೇಲೆ ಓಡಿದ್ರೆ ತಡ ಆಯ್ತು ಅಂತಲೇ ಅರ್ಥ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಜಿಗಿಯೋ ಇಬ್ಬರ ಭುಜ ನೋಡ್ಬೇಕು. ಡಿಫೆಂಡರ್ ಮೈ ಮುಂದಕ್ಕೆ ಬಾಗಿದ್ರೆ ಚೆಂಡು ನಿಮ್ಮ ಕಡೆಗೇ ಬರುತ್ತೆ. ಸ್ಟ್ರೈಕರ್ ಬೆನ್ನು ಕೊಟ್ಟು ಅವನನ್ನ ತಡೆದಿದ್ರೆ ಚೆಂಡು ಸ್ಟ್ರೈಕರ್‌ನ ಕಾಲ ಹತ್ತಿರವೇ ಬೀಳುತ್ತೆ. ನಿಲ್ಲೋ ದೂರ ಸುಮಾರು 10 ಗಜ. ತೀರಾ ಹತ್ತಿರ ನಿಂತ್ರೆ ಚೆಂಡು ತಲೆ ಮೇಲಿಂದ ಹಾರಿಹೋಗುತ್ತೆ, ದೂರ ನಿಂತ್ರೆ ಎದುರಾಳಿ ಮೊದಲು ಮುಟ್ತಾನೆ. ಎದುರುಗಾಳಿ ಇದ್ರೆ ಒದೆತ ಅಂದಾಜಿಗಿಂತ ಮೊದಲೇ ಇಳಿಯುತ್ತೆ, ಇಡೀ ಲೆಕ್ಕ ಹಿಂದಕ್ಕೆ ಸರಿಯುತ್ತೆ.

ಹೆಚ್ಚು ಗೋಲು ತಿನ್ನಿಸೋ ತಪ್ಪು ಯಾವುದು ಗೊತ್ತಾ? ಇಬ್ಬರು ಮಿಡ್‌ಫೀಲ್ಡರ್‌ಗಳೂ ಅದೇ ಚೆಂಡಿಗೆ ನುಗ್ಗೋದು. ತಪ್ಪಿದ್ರೆ ಅವರ ಬೆನ್ನ ಹಿಂದೆ ಡಿಫೆನ್ಸ್‌ಗೆ ಕಾವಲೇ ಇರಲ್ಲ. ಅದಕ್ಕೆ ಒಬ್ಬ ಹೋಗ್ಬೇಕು, ಇನ್ನೊಬ್ಬ ಓರೆಯಾಗಿ ಹಿಂದೆ ನಿಲ್ಬೇಕು. ಟಿವಿಯಲ್ಲಿ ಹೈಲೈಟ್ಸ್ ನೋಡಿದ್ರೆ ಈ ಎರಡನೆಯವನು ಕಾಣಿಸೋದೇ ಇಲ್ಲ. ಮ್ಯಾನೇಜರ್‌ಗಳು ಮಾತ್ರ ಅವನನ್ನ ಸುಲಭಕ್ಕೆ ಬಿಟ್ಟುಕೊಡಲ್ಲ.

[ಪರದೆ: ಆಗಸ್ಟ್‌ನಿಂದ ಮೇವರೆಗಿನ ಕ್ಯಾಲೆಂಡರ್]

ಇದನ್ನ ಒಂದು ಸೀಸನ್‌ಗೆ 46 ಲೀಗ್ ಪಂದ್ಯದಲ್ಲಿ ಮಾಡ್ಬೇಕು, ಕಪ್ ಪಂದ್ಯಗಳು ಬೇರೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಆಡಿ ಮಂಗಳವಾರ ರಾತ್ರಿ ಮತ್ತೆ ಇಳೀಬೇಕು. ನಡುವೆ ಭಾನುವಾರ ದೇಹ ಸುಧಾರಿಸಿಕೊಳ್ಳೋಕೆ, ಸೋಮವಾರ ಹಗುರ ಅಭ್ಯಾಸ, ಅಷ್ಟೇ. ತೊಡೆಯ ಹಿಂಭಾಗದ ಸ್ನಾಯು ಹಿಡ್ಕೊಳ್ಳೋದು ಇಂಥ ವಾರಗಳಲ್ಲೇ.

ಕಾಂಟ್ರ್ಯಾಕ್ಟ್ ಜೂನ್ 30ಕ್ಕೆ ಮುಗಿಯುತ್ತೆ. ಮೇ ತಿಂಗಳಲ್ಲಿ ಕ್ಲಬ್ ಯಾರನ್ನ ಉಳಿಸಿಕೊಳ್ತೀವಿ, ಯಾರನ್ನ ಬಿಡ್ತೀವಿ ಅನ್ನೋ ಪಟ್ಟಿ ಹಾಕುತ್ತೆ. ಈ ಹಂತದಲ್ಲಿ ಒಂದು ಇಲ್ಲವೇ ಎರಡು ವರ್ಷದ ಕಾಂಟ್ರ್ಯಾಕ್ಟೇ ಮಾಮೂಲು. ಎಷ್ಟೋ ಜನರಿಗೆ ಸಂಬಳದ ಜೊತೆ ಆಡಿದ ಪಂದ್ಯಕ್ಕಿಷ್ಟು ಅಂತ ಹಣ ಸೇರುತ್ತೆ. ಹಾಗಾಗಿ ಗಾಯವಾಗಿ ಹೊರಗೆ ಕೂತ್ರೆ ಮನೆ ಖರ್ಚಿಗೂ ಏಟು. ತಂಡ ಕೆಳಗಿಳಿದ್ರೆ ಕ್ಲಬ್‌ನ ಆದಾಯ ಕುಗ್ಗುತ್ತೆ, ಆ ಪಟ್ಟಿಯಲ್ಲಿ ಬಿಟ್ಟವರ ಹೆಸರು ಉದ್ದ ಆಗುತ್ತೆ. ಇಂಥ ಬೇಸಿಗೆಗಳನ್ನ 18 ವರ್ಷ ಒಂದೇ ಕ್ಲಬ್‌ನಲ್ಲಿ ದಾಟೋದು ತೀರಾ ಅಪರೂಪ. ಇದನ್ನ ನಾನು ಯಾವ ಟ್ರೋಫಿಗಿಂತಲೂ ಕಡಿಮೆ ಅನ್ನಲ್ಲ.

ದಾಟಿದ್ದು ಎಷ್ಟು ಸಣ್ಣ ಅಂತರದಲ್ಲಿ ಅನ್ನೋದನ್ನ ನೋಡಿ. 2009ರಲ್ಲಿ ವೈಕೂಂಬ್‌ಗೂ 'ಬರಿ' ಅನ್ನೋ ಹೆಸರಿನ ತಂಡಕ್ಕೂ 78 ಅಂಕ. ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದ ಲೆಕ್ಕ) ವೈಕೂಂಬ್‌ಗೆ ಒಂದೇ ಒಂದು ಗೋಲು ಹೆಚ್ಚಿತ್ತು, ಅದು ನೇರವಾಗಿ ಮೇಲೆ ಹೋಯ್ತು. 2014ರ ಮೇ 3ರಂದು 92ರಿಂದಲೇ ಜಾರೋ ಸ್ಥಿತಿ. ಟಾರ್ಕಿ ಊರಿಗೆ ಹೋಗಿ 3-0 ಗೆದ್ರು. ಅದೇ ಹೊತ್ತಿಗೆ ಬ್ರಿಸ್ಟಲ್ ರೋವರ್ಸ್ ತನ್ನ ಮನೆಯಂಗಳದಲ್ಲಿ ಮ್ಯಾನ್ಸ್‌ಫೀಲ್ಡ್‌ಗೆ 1-0ಯಿಂದ ಸೋತಿತು. ಮತ್ತೆ ಅಂಕ ಸಮ, ಮತ್ತೆ ಗೋಲು ವ್ಯತ್ಯಾಸವೇ ಕೈ ಹಿಡೀತು. 2020ರಲ್ಲಿ ಕೊರೊನಾದಿಂದ ಸೀಸನ್ ಅರ್ಧಕ್ಕೆ ನಿಂತಾಗ ಎಂಟನೇ ಸ್ಥಾನದಲ್ಲಿದ್ದ ತಂಡ, ಪಂದ್ಯಕ್ಕೆ ಸರಾಸರಿ ಅಂಕದ ಲೆಕ್ಕದಲ್ಲಿ ಮೂರಕ್ಕೇರಿ, ಮೇಲೇರೋ ಕೊನೆಯ ಜಾಗಕ್ಕೆ ನಡೆಯೋ ಪ್ಲೇ-ಆಫ್ ಪಂದ್ಯಗಳಿಗೆ ಸೇರಿತು. ಜುಲೈ 13ರ ಫೈನಲ್‌ನಲ್ಲಿ, ಪ್ರೇಕ್ಷಕರಿಲ್ಲದ ವೆಂಬ್ಲಿ ಮೈದಾನದಲ್ಲಿ, ಆಕ್ಸ್‌ಫರ್ಡ್ ಯುನೈಟೆಡ್ ತಂಡವನ್ನ 2-1ರಿಂದ ಸೋಲಿಸಿ, ಕ್ಲಬ್ ಇತಿಹಾಸದಲ್ಲೇ ಮೊದಲ ಸಲ ಚಾಂಪಿಯನ್‌ಶಿಪ್ ಸೇರಿತು. ಮರುವರ್ಷ 43 ಅಂಕಕ್ಕೆ ನಿಂತು ಇಳಿದ್ರು. ಇಳಿಯದೆ ಉಳಿದುಕೊಂಡ ಡರ್ಬಿ ಕೌಂಟಿ ತಂಡಕ್ಕೆ 44. ಹೀಗೆ ಒಂದೊಂದು ಗೋಲು, ಒಂದೊಂದು ಅಂಕದ ಮೇಲೆ ನಿಂತ ಬದುಕಿನಲ್ಲಿ ಜನವರಿಯ ಒದ್ದೆ ಮೈದಾನದಲ್ಲಿ ಗೆದ್ದ ಒಂದು ಸೆಕೆಂಡ್ ಬಾಲ್‌ಗೂ ಬೆಲೆ ಇದೆ.

[ಗ್ರಾಫಿಕ್: ಆರು ಮೆಟ್ಟಿಲು]

550ಕ್ಕೂ ಹೆಚ್ಚು ಪಂದ್ಯ ಆಡಿದ ಮೇಲೆ, 2022ರ ಫೆಬ್ರವರಿಯಲ್ಲಿ, ತಲೆಗೆ ಬಿದ್ದ ಪೆಟ್ಟಿನಿಂದ ಆದ ಕನ್ಕಶನ್ ಕಾರಣಕ್ಕೆ ಬ್ಲೂಮ್‌ಫೀಲ್ಡ್ ಆಟ ಬಿಡಬೇಕಾಯ್ತು. ಕನ್ಕಶನ್ ಆದವರು ಮರಳೋಕೆ ಮೆಟ್ಟಿಲಿವೆ: ವಿಶ್ರಾಂತಿ, ಹಗುರ ವ್ಯಾಯಾಮ, ಚೆಂಡಿನ ಜೊತೆ ಓಟ, ಮೈ ತಾಗದ ಅಭ್ಯಾಸ, ವೈದ್ಯರ ಒಪ್ಪಿಗೆ ಪಡೆದು ಪೂರ್ತಿ ಅಭ್ಯಾಸ, ಕೊನೆಗೆ ಪಂದ್ಯ. ಪ್ರತಿ ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ತಲೆನೋವು, ತಲೆಸುತ್ತು ಮರುಕಳಿಸಿದ್ರೆ ಒಂದು ಮೆಟ್ಟಿಲು ಹಿಂದಕ್ಕೆ. ಕಾಲಿನ ಗಾಯದ ಥರ ಇದು ಹೊರಗೆ ಕಾಣಲ್ಲ. ನೋವು ಮುಚ್ಚಿಟ್ಟು ಆಡೋ ಆಟಗಾರರು ಎಡವೋದು ಇಲ್ಲೇ.

[ಪರದೆ: ವೈಕೂಂಬ್‌ನ ಮೈದಾನ ಆಡಮ್ಸ್ ಪಾರ್ಕ್, ಅದರ ಅಂಚುಗೆರೆ]

ಅದೇ ವರ್ಷ ಅವರು ಕೋಲ್ಚೆಸ್ಟರ್ ಯುನೈಟೆಡ್‌ಗೆ ಕೋಚ್ ಆದ್ರು. 2023ರ ಫೆಬ್ರವರಿಯಲ್ಲಿ ವೈಕೂಂಬ್ ಮ್ಯಾನೇಜರ್ ಗ್ಯಾರೆತ್ ಏನ್ಸ್‌ವರ್ತ್ ಕ್ಯೂಪಿಆರ್ (ಕ್ವೀನ್ಸ್ ಪಾರ್ಕ್ ರೇಂಜರ್ಸ್) ಕ್ಲಬ್‌ಗೆ ಹೋದಾಗ, ಆ ಜಾಗಕ್ಕೆ ವೈಕೂಂಬ್ ಕರೆದಿದ್ದು ಬ್ಲೂಮ್‌ಫೀಲ್ಡ್ ಅವರನ್ನೇ.