ಮೋರಿ ಇಲ್ಲದ ನಕ್ಷೆ

ಕೇಳುಗರಿಗೆ ನಮಸ್ಕಾರ.

2005ರ ಅಕ್ಟೋಬರ್ 29, ಬೆಳಗಿನ ಜಾವ. ಆಗಿನ ಆಂಧ್ರಪ್ರದೇಶದ ನಲ್ಗೊಂಡ ಜಿಲ್ಲೆಯ ವಲಿಗೊಂಡದ ಹತ್ತಿರ ಡೆಲ್ಟಾ ಪ್ಯಾಸೆಂಜರ್ ರೈಲು ಸಿಕಂದರಾಬಾದ್ ಕಡೆಗೆ ಹೊರಟಿತ್ತು. ದಾರಿಯಲ್ಲಿ ಒಂದು ಸಣ್ಣ ಸೇತುವೆ. ಮೇಲಿನ ಕೆರೆ ಒಡೆದು ನುಗ್ಗಿದ ನೀರು ಅದನ್ನು ಆಗಲೇ ಕೊಚ್ಚಿಕೊಂಡು ಹೋಗಿತ್ತು. ಎಂಜಿನ್ ಮತ್ತು ಹಲವು ಬೋಗಿಗಳು ಉರುಳಿದವು. ನೂರಕ್ಕೂ ಹೆಚ್ಚು ಜನ ಸತ್ತರು.

1956ರ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರು ಹತ್ತಿರ ಮರುದೈಯಾರು ಹೊಳೆಯಲ್ಲೂ ಹೀಗೇ ಆಗಿತ್ತು. ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟದ್ದು ಆ ಅಪಘಾತದ ನಂತರ. ರಾಜೀನಾಮೆ ಎಲ್ಲರಿಗೂ ನೆನಪಿದೆ, ಹೊಳೆಯ ಹೆಸರು ಯಾರಿಗೂ ನೆನಪಿಲ್ಲ.

ದೊಡ್ಡ ನದಿ ಉಕ್ಕಿದರೆ ಸುದ್ದಿ ಮೊದಲೇ ಬರುತ್ತದೆ. ಹಳ್ಳ ಹಾಗಲ್ಲ. ಒಂದು ಗಂಟೆ ಜೋರು ಮಳೆ ಸಾಕು. ಲೆಕ್ಕ ನೋಡಿ: ಒಂದು ಚದರ ಕಿಲೋಮೀಟರ್ ಜಾಗದಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ಅದು 5 ಕೋಟಿ ಲೀಟರ್ ನೀರು. ಅದರಲ್ಲಿ ಅರ್ಧ ಇಂಗಿತು ಅಂದುಕೊಳ್ಳೋಣ. ಉಳಿದದ್ದು ಒಂದು ಗಂಟೆಯಲ್ಲಿ ಹರಿದು ಹೋಗಬೇಕಾದರೆ ಸೆಕೆಂಡಿಗೆ ಸುಮಾರು 7,000 ಲೀಟರ್.

ಈ ನೀರಿಗೆ ಅಡ್ಡ ಬರುವುದು ಏನು? ತಗ್ಗಿನಲ್ಲಿ ರಸ್ತೆ ಹಾಯಲಿ, ರೈಲು ಹಾಯಲಿ, ಮಣ್ಣು ಸುರಿದು ಏರಿ ಕಟ್ಟುತ್ತಾರೆ. ಕೆರೆ ಏರಿಯಾದರೆ ಕೋಡಿ ಇರುತ್ತದೆ, ಹೆಚ್ಚಾದ ನೀರು ಅಲ್ಲಿಂದ ಹೋಗುತ್ತದೆ. ರಸ್ತೆಯ ಏರಿಗೆ ಇರುವುದು ಮೋರಿ ಮಾತ್ರ, ಅಂದರೆ ನೀರು ಆ ಕಡೆ ಹೋಗಲು ಅಡಿಯಲ್ಲಿ ಬಿಟ್ಟ ಪೈಪು ಅಥವಾ ಕಿಂಡಿ. ಅದಕ್ಕೆ ಮುಳ್ಳುಕಂಟಿ, ಪ್ಲಾಸ್ಟಿಕ್ಕು ಸಿಕ್ಕಿಕೊಂಡರೆ ಮುಗಿಯಿತು. ಮೇಲ್ಬದಿಯಲ್ಲಿ ನೀರು ನಿಲ್ಲುತ್ತದೆ, ಏರಿ ಹತ್ತಿ ಆ ಕಡೆ ಬೀಳುತ್ತದೆ, ಬೀಳುವ ಕಡೆಯಿಂದ ಮಣ್ಣು ಕೊರೆಯುತ್ತದೆ. ರೈಲು ದಾರಿಯಾದರೆ ಜಲ್ಲಿಯೂ ಹೋಗಿ ಹಳಿಗಳು ಗಾಳಿಯಲ್ಲಿ ತೂಗಾಡುತ್ತವೆ.

ಆದ್ದರಿಂದ ಹಳ್ಳದ ನೆರೆ ನಕ್ಷೆಯನ್ನು ಮೋರಿಯಿಂದ ಶುರುಮಾಡಬೇಕು ಅನ್ನುವುದು ನನ್ನ ವಾದ. ನಾವು ಮಾಡುವುದು ತಿರುಗುಮುರುಗು. ಮೊದಲು ಹಳ್ಳ ಬರೆದು, ಎರಡೂ ದಡಕ್ಕೆ ನೀಲಿ ಬಣ್ಣ ಬಳಿದು ಸುಮ್ಮನಾಗುತ್ತೇವೆ.

ಸರ್ವೆ ಆಫ್ ಇಂಡಿಯಾದ 50 ಸಾವಿರಕ್ಕೆ ಒಂದರ ಅಳತೆಯ ಹಾಳೆಯಲ್ಲಿ ಸಮೋನ್ನತಿ ಗೆರೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ ನಡುವೆ ಎತ್ತರದಲ್ಲಿ 20 ಮೀಟರ್ ಅಂತರ. ಮೂರು ಮೀಟರ್ ಎತ್ತರದ ಏರಿ ಆ ಗೆರೆಗಳ ನಡುವೆ ನುಸುಳಿಬಿಡುತ್ತದೆ. ಹಳಬರು ಜಾಣರು, ಏರಿಯ ಪಕ್ಕದಲ್ಲಿ ‘3 ಆರ್’ ಎಂದು ಸುತ್ತಲ ನೆಲಕ್ಕಿಂತ ಅದರ ಎತ್ತರವನ್ನು ಬರೆದಿಟ್ಟರು. ಈಗಿನ ಉಪಗ್ರಹ ಮಾಹಿತಿಯ ಕಷ್ಟವೇ ಬೇರೆ. ಅದು ನೆಲವನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದೇ ಎತ್ತರ ಕೊಡುತ್ತದೆ. ಒಂದೊಂದು ಚೌಕ 30 ಮೀಟರ್ ಅಗಲ ಇದ್ದರೆ ಕಿರಿದಾದ ಏರಿ ನೆಲದಲ್ಲಿ ಕರಗಿಹೋಗುತ್ತದೆ. ವಿಮಾನದಿಂದ ಲೇಸರ್ ಹಾಯಿಸಿ ಅಳೆದರೆ ಏರಿ ಚೆನ್ನಾಗಿ ಕಾಣುತ್ತದೆ, ಆದರೆ ಅಡಿಯ ಮೋರಿ ಕಾಣುವುದಿಲ್ಲ. ಕಂಪ್ಯೂಟರಿಗೆ ಅದು ಗಟ್ಟಿ ಗೋಡೆ. ಕೊನೆಗೆ ಒಬ್ಬರು ಟೇಪು ಹಿಡಿದು ಹಳ್ಳಕ್ಕೆ ಇಳಿಯಲೇಬೇಕು. ಮೋರಿಯ ಅಗಲ, ತಳದ ಮಟ್ಟ, ಎಷ್ಟು ಹೂಳು ತುಂಬಿದೆ, ಮೇಲಿನ ರಸ್ತೆ ಎಷ್ಟು ಎತ್ತರ, ಎಲ್ಲ ಬರೆದುಕೊಳ್ಳಬೇಕು.

ಅಗಲದ ವಿಷಯದಲ್ಲಿ ಕಣ್ಣಿನ ಅಂದಾಜು ಮೋಸ ಮಾಡುತ್ತದೆ. ಒಂದು ಮೀಟರಿನ ಪೈಪಿನ ಜಾಗಕ್ಕೆ ಅರ್ಧ ಮೀಟರಿನದು ಹಾಕಿದರೆ ಅರ್ಧ ನೀರಾದರೂ ಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಇಳಿಜಾರು ಅಷ್ಟೇ ಇದ್ದರೆ ಹೋಗುವುದು ಸುಮಾರು ಆರನೇ ಒಂದು ಭಾಗ. ಎರಡು ಸಣ್ಣ ಪೈಪು ಜೋಡಿಸಿ ಸಮಾಧಾನಪಟ್ಟುಕೊಳ್ಳುವ ಗುತ್ತಿಗೆದಾರರಿಗೆ ಈ ಲೆಕ್ಕ ಯಾರಾದರೂ ಹೇಳಬೇಕು.

ರೈಲ್ವೆಯವರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಒಡೆದರೆ ಹಳಿಗೆ ಅಪಾಯ ತರುವ ಕೆರೆಗಳ ಪಟ್ಟಿ ಇಟ್ಟಿರುತ್ತಾರೆ. ‘ರೈಲ್ವೆ ಅಫೆಕ್ಟಿಂಗ್ ಟ್ಯಾಂಕ್’ ಅಂತ ಅದರ ಹೆಸರು. ಮಳೆಗಾಲಕ್ಕೆ ಮುಂಚೆ ರಾಜ್ಯದ ಅಧಿಕಾರಿಗಳ ಜೊತೆ ಸೇರಿ ಆ ಕೆರೆಗಳನ್ನು ನೋಡಿ ಬರಬೇಕು ಎಂಬ ನಿಯಮವೂ ಇದೆ. ಕೆರೆಗಳ ಸರಪಳಿಯೇ ಇರುವ ಕೋಲಾರ, ತುಮಕೂರು ಕಡೆ ಇಂಥ ಪಟ್ಟಿಯ ಬೆಲೆ ಏನೆಂದು ಹೇಳಬೇಕಾಗಿಲ್ಲ. ಸೇತುವೆಯ ಕಂಬದ ಮೇಲೆ ‘ಎಚ್‌ಎಫ್‌ಎಲ್’ ಎಂದು ಬಣ್ಣದಲ್ಲಿ ಬರೆದ ಗೆರೆ ನೋಡಿರಬಹುದು. ಅಲ್ಲಿಯವರೆಗೆ ಗೊತ್ತಿರುವ ಅತಿ ಎತ್ತರದ ನೆರೆ ಅದು.

ಆದರೆ ಕೆರೆಯ ಕಡತ ಒಂದು ಇಲಾಖೆಯಲ್ಲಿ, ರಸ್ತೆ ಮೋರಿಯ ಪಟ್ಟಿ ಇನ್ನೊಂದರಲ್ಲಿ, ರೈಲು ಸೇತುವೆಯದು ಮತ್ತೊಂದು ಕಡೆ. ನೀರಿಗೆ ಇವೆಲ್ಲ ಒಂದೇ ದಾರಿ. ಎಷ್ಟೋ ಕಡೆ ರಸ್ತೆ ಮತ್ತು ರೈಲು ಕೂಗಳತೆಯಲ್ಲಿ ಜೊತೆಜೊತೆಯಾಗಿ ಓಡುತ್ತವೆ. ಮೇಲಿನ ರೈಲು ಸೇತುವೆಯನ್ನು ಅಗಲ ಮಾಡಿದರು ಅನ್ನಿ. ಹಳಿ ಉಳಿಯಿತು. ಹಿಂದೆ ಆ ಏರಿ ತಡೆದು ನಿಧಾನವಾಗಿ ಬಿಡುತ್ತಿದ್ದ ನೀರು ಈಗ ಒಂದೇ ಸಲ ಕೆಳಗಿನ ರಸ್ತೆಯ ಹಳೇ ಮೋರಿಗೆ ಬಂದು ಬಡಿಯುತ್ತದೆ. ಎರಡು ಏರಿಗಳ ನಡುವಿನ ಹೊಲ, ಮನೆ ಕೆರೆಯಾಗುತ್ತವೆ. ರೈಲ್ವೆಯ ನಕ್ಷೆಯಲ್ಲಿ ಕೆಲಸ ಮುಗಿದಿದೆ. ರಸ್ತೆಯವರ ನಕ್ಷೆಯಲ್ಲಿ ಏನೂ ಬದಲಾಗಿಲ್ಲ. ಮುಳುಗುವ ಆ ಜಾಗ ಎರಡರಲ್ಲೂ ಇಲ್ಲ.

ನಮಸ್ಕಾರ.